ಪದಚರ್ಚೆ: ಛಾಯಾಚಿತ್ರದ ಚೀಟಿಯಲ್ಲಿ ‘ಎಡಿಷನ್ 3/10’ ಎಂಬುದಕ್ಕೆ ಕನ್ನಡವೇನು?

ಮಾನ್ಯರೇ,

ಚಿತ್ರಕಲಾ ಪರಿಷತ್ತಿನ ಗ್ಯಾಲರಿಯೊಂದರಲ್ಲಿ ನನ್ನ ಮೊದಲ ಏಕವ್ಯಕ್ತಿ ಛಾಯಾಚಿತ್ರ ಪ್ರದರ್ಶನ ಬರುವ ವಾರ ಆರಂಭವಾಗಲಿದ್ದು, ಚಿತ್ರಗಳ ಪಕ್ಕದಲ್ಲಿ ಅಂಟಿಸುವ ವಿವರಚೀಟಿಗಳನ್ನು ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳಿವು. ಕನ್ನಡವೇ ಮೇಲಿರಬೇಕು, ಇಂಗ್ಲಿಷ್ ಕೆಳಗಿರಬೇಕು ಎಂಬುದು ನನ್ನ ಹಟ. ಶೀರ್ಷಿಕೆ, ಊರು, ವರ್ಷ, ಅಳತೆಗಳಿಗೆ ತೊಂದರೆಯಿಲ್ಲ. ಆದರೆ ಒಂದೊಂದು ಚಿತ್ರವನ್ನೂ ಹತ್ತೇ ಸಲ ಮುದ್ರಿಸಿ ಮಾರುವುದೆಂದು ತೀರ್ಮಾನಿಸಿರುವುದರಿಂದ, ಗೋಡೆಯ ಮೇಲಿರುವುದು ಅವುಗಳಲ್ಲಿ ಮೂರನೆಯದಾದರೆ ಇಂಗ್ಲಿಷ್ ಚೀಟಿಯಲ್ಲಿ ‘ಎಡಿಷನ್ 3/10’ ಎಂದಿರುತ್ತದೆ. ಇದನ್ನು ‘ಸೀಮಿತ ಆವೃತ್ತಿ 3/10’ ಎಂದು ಬರೆದು ತೋರಿಸಿದಾಗ ನನ್ನ ಅಣ್ಣನೇ, ‘ಮೂರನೆಯ ಆವೃತ್ತಿಯಲ್ಲಿ ಏನೇನು ತಿದ್ದಿದ್ದೀಯ?’ ಎಂದು ಕೇಳಿದ. ಹತ್ತರ ಲೆಕ್ಕಕ್ಕೆ ಸೇರದೆ ನನ್ನಲ್ಲೇ ಉಳಿಯುವ ‘ಆರ್ಟಿಸ್ಟ್ ಪ್ರೂಫ್’ಗೂ, ಪುಡಿಬಣ್ಣದ ಶಾಯಿಯಲ್ಲಿ ತೆಗೆದ ಮುದ್ರಣವಾದ ‘ಪಿಗ್ಮೆಂಟ್ ಪ್ರಿಂಟ್’ ಎಂಬುದಕ್ಕೂ ಪದ ಬೇಕು. ದಯವಿಟ್ಟು ಇಂದೇ ತಿಳಿಸಿ.

ಮರು:
‘ಆವೃತ್ತಿ’, ‘ಮುದ್ರಣ’ ಎರಡನ್ನೂ ಕೈಬಿಡಿ. ಅಚ್ಚಗನ್ನಡದ ‘ಪಡಿಯಚ್ಚು’ ಮನೆಯಲ್ಲೇ ಇರುವಾಗ ಸಂಸ್ಕೃತದ ಮುಂದೆ ಕೈಯೊಡ್ಡುವುದೇಕೆ? ‘ಪಡಿಯಚ್ಚು 3/10’ ಎಂದು ಬರೆಯಿರಿ. ಉದ್ದವಾಯಿತೆನಿಸಿದರೆ ‘ಅಚ್ಚು 3/10’ ಸಾಕು. ‘ಛಾಯಾಚಿತ್ರ’ವನ್ನೂ ‘ಬೆಳಕುಚಿತ್ರ’ ಎಂದು ತಿದ್ದಿಕೊಳ್ಳಿ. ಫೋಟೋಗ್ರಫಿ ಎಂಬುದರ ಗ್ರೀಕ್ ಮೂಲದಲ್ಲಿರುವುದು ಬೆಳಕೇ ಹೊರತು ನೆರಳಲ್ಲ.

ಮರು:
‘ಬೆಳಕುಚಿತ್ರ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಒಪ್ಪದ ಜೋಡಿ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಛಾಯಾ’ ಎಂದರೆ ನೆರಳು ಮಾತ್ರವೆಂದು ತಿಳಿದವರು ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶವನ್ನು ತೆರೆದು ನೋಡಲಿ: ‘ಛಾಯಾ ಸೂರ್ಯಪ್ರಿಯಾ ಕಾಂತಿಃ ಪ್ರತಿಬಿಂಬಮನಾತಪಃ’. ಸೂರ್ಯನ ಹೆಂಡತಿಯೂ ಕಾಂತಿಯೂ ಪ್ರತಿಬಿಂಬವೂ ನೆರಳೂ ಒಂದೇ ಪದದಲ್ಲಿ ಸಿಗುವಾಗ ಕ್ಯಾಮೆರಾದ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತು ಇನ್ನೊಂದಿದೆಯೇ? ಇನ್ನು ‘ಪಡಿಯಚ್ಚು’ ಅಚ್ಚಗನ್ನಡವೆಂಬ ಘೋಷಣೆ. ಆ ‘ಪಡಿ’ ಸಂಸ್ಕೃತದ ‘ಪ್ರತಿ’ಯೇ, ಪ್ರಾಕೃತದ ಬಾಗಿಲಿನಿಂದ ಒಳಬಂದಿದೆ, ಅಷ್ಟೆ. ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳನ್ನು ವಿವರಿಸುವ ಅಪಭ್ರಂಶ ಪ್ರಕರಣವನ್ನು ಓದದೆ ಶುದ್ಧಿಚಳವಳಿ ನಡೆಸಬಾರದು.

ಮರು:
ಕೇಳಿದವರಿಗೆ ನಾಳೆ ಸಂಜೆಯೊಳಗೆ ಚೀಟಿ ಬೇಕಾಗಿದೆ. ಸೂರ್ಯನ ಹೆಂಡತಿಯ ವಿಚಾರವನ್ನು ಬೇರೆ ದಿನ ನೋಡೋಣ.

‘ಆವೃತ್ತಿ’ ಇಲ್ಲಿ ಹೊಂದುವುದಿಲ್ಲ ಎಂಬ ಅಣ್ಣನವರ ಅನುಮಾನ ಸರಿಯಾಗಿದೆ. ‘ಆವೃತ್ತಿ’ಯ ಮೂಲಾರ್ಥವೇ ಮರಳಿ ಬರುವುದು, ಪುನಃ ಪುನಃ ಆಗುವುದು. ಪುಸ್ತಕ ಮುಗಿದುಹೋದಾಗ ತಿದ್ದಿ, ಸೇರಿಸಿ, ಮತ್ತೆ ಅಚ್ಚು ಹಾಕಿದರೆ ಅದು ಎರಡನೆಯ ಆವೃತ್ತಿ. ಬೇಡಿಕೆಯಿದ್ದಷ್ಟು ಕಾಲ ಆವೃತ್ತಿಗಳು ಬರುತ್ತಲೇ ಇರಬಹುದು. ಛಾಯಾಚಿತ್ರದ ಚೀಟಿ ಹೇಳುತ್ತಿರುವುದು ಇದಕ್ಕೆ ನೇರ ವಿರುದ್ಧವಾದ ಮಾತನ್ನು: ಹತ್ತಾದ ಮೇಲೆ ಇದು ಮರಳಿ ಬರುವುದಿಲ್ಲ. 1839ರಲ್ಲಿ ಪ್ರಕಟವಾದ ಡಾಗೆರೋಟೈಪ್ ವಿಧಾನದಲ್ಲಿ ತಗಡಿನ ಮೇಲೆ ಮೂಡಿದ ಚಿತ್ರ ಒಂದೇ ಆಗಿದ್ದುದರಿಂದ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೋಟೈಪ್ ವಿಧಾನದಲ್ಲಿ ಒಂದು ಕಾಗದದ ನೆಗೆಟಿವ್‌ನಿಂದ ಬೇಕಾದಷ್ಟು ಚಿತ್ರಗಳನ್ನು ತೆಗೆಯುವುದು ಸಾಧ್ಯವಾಯಿತು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದದ್ದೂ ಕಾಗದದ ನೆಗೆಟಿವ್‌ಗಳಲ್ಲೇ. ಇಂದಿನ ಡಿಜಿಟಲ್ ಕಡತಕ್ಕಂತೂ ಮಿತಿಯೇ ಇಲ್ಲ. ಆದ್ದರಿಂದ ‘ಹತ್ತೇ’ ಎಂಬ ಮಿತಿ ತಂತ್ರದಿಂದ ಬಂದದ್ದಲ್ಲ, ಕಲಾವಿದರು ಕೊಳ್ಳುವವರಿಗೆ ಕೊಡುವ ಮಾತು ಅದು. ಆ ಮಾತನ್ನು ಭಿನ್ನರಾಶಿಯ ಹಿಂದೆ ಅಡಗಿಸದೆ ಬಿಡಿಸಿಯೇ ಬರೆಯಿರಿ: ‘ಒಟ್ಟು 10 ಪ್ರತಿಗಳಲ್ಲಿ 3ನೆಯದು’.

‘ಪ್ರತಿ’ ಎಂದರೆ ನಕಲು, ಹಣ ಕೊಟ್ಟವರಿಗೆ ಜೆರಾಕ್ಸ್ ಕೊಟ್ಟಂತಾಗುತ್ತದೆ ಎಂದು ಯಾರಾದರೂ ಆಕ್ಷೇಪಿಸುವ ಮೊದಲೇ ಹೇಳಿಬಿಡುತ್ತೇನೆ. ಹಸ್ತಪ್ರತಿ, ಓಲೆಪ್ರತಿ ಎನ್ನುವಾಗ ನಮಗೆ ಜೆರಾಕ್ಸ್ ನೆನಪಾಗುವುದಿಲ್ಲ. ಗ್ರಂಥಸಂಪಾದನೆ ಮಾಡುವವರಿಗೆ ಒಂದೊಂದು ಪ್ರತಿಯೂ ತನ್ನದೇ ಗುರುತುಳ್ಳ ವಸ್ತು. ನೀವು ಕೈಯಾರೆ ಸಹಿ ಹಾಕಿ ಅಂಕಿ ಬರೆದ ಕಾಗದಕ್ಕೂ ಅದೇ ಗೌರವ ಸಲ್ಲುತ್ತದೆ. ಇದೇ ದಾರಿಯಲ್ಲಿ ‘ಆರ್ಟಿಸ್ಟ್ ಪ್ರೂಫ್’ಗೆ ‘ಕಲಾವಿದರ ಪ್ರತಿ’ ಸಾಕು. ಪುಸ್ತಕದ ಪ್ರೂಫಿನ ನೆನಪಿನಲ್ಲಿ ‘ಕರಡು ಪ್ರತಿ’ ಎಂದು ಮಾತ್ರ ಬರೆಯಬೇಡಿ. ಅದರಲ್ಲಿ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ.

‘ಅಚ್ಚು’ ಒಳ್ಳೆಯ ಪದವೇ. ಬೆಲ್ಲದ ಅಚ್ಚಿನಿಂದ ಅಚ್ಚುಕೂಟದವರೆಗೆ ಅದರ ಬಳಕೆ ಇದೆ. ಆದರೆ ಕನ್ನಡದಲ್ಲಿ ಗಾಲಿಗಳನ್ನು ಹಿಡಿದಿಡುವ ಅಚ್ಚು ಎಂಬುದೂ ಇದೆ, ಅದು ಬೇರೆ ಪದ, ಸಂಸ್ಕೃತದ ‘ಅಕ್ಷ’ದಿಂದ ಬಂದದ್ದು. ತೇರಿನ ಗಾಲಿಯ ಚಿತ್ರದ ಕೆಳಗೆ ‘ಅಚ್ಚು 3/10’ ಎಂದು ಬರೆದರೆ, 2017ರಲ್ಲಿ ಆ ತೇರು ಉರುಳಿದ್ದನ್ನು ಬಲ್ಲ ಕೊಟ್ಟೂರಿನವರು ಏನೆಂದುಕೊಂಡಾರು?

‘ಪಿಗ್ಮೆಂಟ್’ ಹಾಗೆಯೇ ಇರಲಿ. ನಿಘಂಟಿನಲ್ಲಿ ‘ವರ್ಣದ್ರವ್ಯ’ ಸಿಗುತ್ತದೆ, ನಿಜ. ಕಪ್ಪು-ಬಿಳುಪು ಚಿತ್ರದ ಕೆಳಗೆ ‘ವರ್ಣದ್ರವ್ಯ ಮುದ್ರಣ’ ಎಂದು ಓದಿದವರು ಬಣ್ಣವನ್ನು ಹುಡುಕುತ್ತಾರೆ. ಕ್ಯಾಮೆರಾ, ಲೆನ್ಸ್, ಫ್ರೇಮು ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿರುವ ನಾವು ಈ ಒಂದನ್ನು ಬಾಗಿಲಲ್ಲೇ ತಡೆದು ಸಾಧಿಸುವುದೇನೂ ಇಲ್ಲ.

ಮರು:
ಒಂದನ್ನು ಬಿಟ್ಟರೆ ಹತ್ತು ಬರುತ್ತವೆ, ನುಡಿ ಸೊರಗುವುದು ಹೀಗೆಯೇ. ‘ಪಡಿ’ ಹೊರಗಿನದೆಂದೇ ಇಟ್ಟುಕೊಳ್ಳೋಣ. ನಾಲಗೆಗೆ ಒಗ್ಗಿ, ನವೆದು, ನಮ್ಮದಾಗಿ ಬಂದಿದೆ. ‘ಪಿಗ್ಮೆಂಟ್’ ಎಲ್ಲಿ ನವೆದಿದೆ?

ಮರು:
ಬಳಸಿದರಲ್ಲವೇ ನವೆಯುವುದು.

ಮರು:
ಎಲ್ಲರಿಗೂ ಧನ್ಯವಾದಗಳು. ಚೀಟಿ ಹೀಗೆ ಹೋಗುತ್ತಿದೆ: ‘ತೇರಿನ ಗಾಲಿ, ಕೊಟ್ಟೂರು. ಹತ್ತಿಕಾಗದದ ಮೇಲೆ ಪಿಗ್ಮೆಂಟ್ ಮುದ್ರಣ. ಒಟ್ಟು 10 ಪ್ರತಿಗಳಲ್ಲಿ 3ನೆಯದು.’ ಕನ್ನಡದ ಸಾಲು ಇಂಗ್ಲಿಷಿನದಕ್ಕಿಂತ ಉದ್ದವಾಯಿತೆಂದು ವಿನ್ಯಾಸ ಮಾಡುವವರು ಗೊಣಗಿದರು. ಚೀಟಿಯನ್ನೇ ಸ್ವಲ್ಪ ಅಗಲ ಮಾಡಿಸಿದ್ದೇನೆ.

ಮರು:
‘ಹತ್ತಿಕಾಗದ’ವೂ ಅರಿಸಮಾಸದಂಥದೇ. ‘ಕಾಗದ’ ಪಾರಸಿ ಮೂಲದ್ದು.