ಸಹಾಯ ಬೇಕು: ಅಂಬಾಸಿಡರ್ ಎಡಕ್ಕೆ ಎಳೆಯುತ್ತಿದೆ
ನಮಸ್ಕಾರ, ತುಮಕೂರಿನವನು. ಅಪ್ಪನ ಕಾಲದ ಅಂಬಾಸಿಡರ್ ಇದೆ. ಶಿರಾ ಕಡೆ ಹೈವೇಯಲ್ಲಿ 60 ದಾಟಿದರೆ ಸ್ಟೀರಿಂಗ್ ನಡುಗುತ್ತೆ, ಗಾಡಿ ಎಡಕ್ಕೆ ಎಳೆಯುತ್ತೆ. ಮುಂದಿನ ಟೈರುಗಳನ್ನು ಅದಲು ಬದಲು ಮಾಡಿದರೂ ಎಳೆತ ಎಡಕ್ಕೇ, ಹಾಗಾಗಿ ಟೈರಿನ ದೋಷ ಇರಲಾರದು. ಒಳ ಅಂಚು ಜಾಸ್ತಿ ಸವೆದಿದೆ. ಕೈಯಾಡಿಸಿದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತೆ.

ಜ್ಯಾಕ್ ಹಾಕಿ ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಲೂಸ್ ಇದೆ. ಬ್ರೇಕ್ ತುಳಿದು ಹಿಡಿದರೂ ಹೋಗಲ್ಲ. ಅಂದರೆ ಬೇರಿಂಗ್ ಅಲ್ಲ, ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂತಿರುವ ತುಂಡು ಆಕ್ಸಲ್) ಕೀಲೋ ಬುಷ್ಷೋ (ಕೀಲಿನಲ್ಲಿ ಕೂರಿಸುವ ಸಣ್ಣ ಕೊಳವೆ) ಇರಬೇಕು, ಅಲ್ವಾ? ಅಲೈನ್‌ಮೆಂಟ್ ಅಂಗಡಿಯವರು ಸುಮ್ನೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಸರಿ ಮಾಡಿ ಕಳಿಸಿದರು. ಕೀಲು ಸಡಿಲ ಇರುವಾಗ ಅದು ನಿಲ್ಲುತ್ತಾ? ಎಡಗಡೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಹಾಗೆ ಭಾರ ಹೊರುವ ಸರಳು) ಇಳಿದಿರಬಹುದು ಅನ್ನೋ ಅನುಮಾನವೂ ಇದೆ.

ಇದನ್ನು ಬಿಚ್ಚಿ ಕಟ್ಟಿ ಪಳಗಿದ ಮೆಕ್ಯಾನಿಕ್ ತುಮಕೂರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆ ಬುಷ್ ಸಿಗುತ್ತಾ?