ಅಪ್‌ಡೇಟ್: ಬಸುರಿ ವಾಕಿಂಗ್ ಮಾಡಬಹುದಾ ಅಂತ ಕೇಳಿದ್ದೆನಲ್ಲ

ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರು) ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) 6.1, ಸ್ವಲ್ಪ ಜಾಸ್ತಿನೇ, ಮಗುವಿಗೆ ಪ್ರಯತ್ನಿಸೋ ಮುಂಚೆ ವ್ಯಾಯಾಮ ಶುರು ಮಾಡ್ಲಾ, ಬಸುರಿಯಾದ್ಮೇಲೆ ನಿಲ್ಲಿಸ್ಬೇಕಾ ಅಂತ ಕೇಳಿದ್ದೆ. ಈಗ ಬಸುರಿ, 31 ವಾರ.

ಬಸುರಿಯಾಗೋ ಮುಂಚೆ ಐದು ತಿಂಗಳು, ವಾರಕ್ಕೆ ಐದು ದಿನ, ಅರ್ಧರ್ಧ ಗಂಟೆ ಬಿರುಸಾಗಿ ನಡೆದೆ. ಎಚ್‌ಬಿಎ1ಸಿ 5.6ಕ್ಕೆ ಇಳೀತು. ಗೆದ್ದೆ ಅಂದ್ಕೊಂಡೆ. 26ನೇ ವಾರ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದ್ರೆ 148! 140 ದಾಟಿದ್ರೆ ಗರ್ಭಿಣಿ ಸಕ್ಕರೆ ಕಾಯಿಲೆ ಅಂತೆ. ಅತ್ತೇಬಿಟ್ಟೆ. ಮಾಸು ಬಿಡೋ ಹಾರ್ಮೋನುಗಳೇ ಇನ್ಸುಲಿನ್‌ಗೆ ಅಡ್ಡ ಬರುತ್ತವೆ, ವ್ಯಾಯಾಮದಿಂದ ಅಪಾಯ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ ಅಂದ್ರು ಡಾಕ್ಟರ್. ರಕ್ತಸ್ರಾವ ಏನೂ ಇಲ್ಲದ್ದರಿಂದ ನಡೆಯೋದು ನಿಲ್ಲಿಸ್ಬೇಡಿ ಅಂತಲೂ ಹೇಳಿದ್ರು.

ಈಗ ಮೂರು ಹೊತ್ತೂ ಊಟ ಆದಮೇಲೆ ತಾರಸಿ ಮೇಲೆ ಕಾಲು ಗಂಟೆ. ಒಂದಿಡೀ ಮುದ್ದೆ ತಿಂದು ಕೂತ ದಿನ ಎರಡು ಗಂಟೆ ಬಿಟ್ಟು ನೋಡಿದ್ರೆ ಸಕ್ಕರೆ 138. ಅರ್ಧ ಮುದ್ದೆ, ಜಾಸ್ತಿ ಸೊಪ್ಪಿನ ಸಾರು, ಮೇಲೊಂದು ನಡಿಗೆ: 112. (120ರೊಳಗಿರಬೇಕು.) ಬೆಳಗ್ಗೆ ಖಾಲಿ ಹೊಟ್ಟೇದೇ ಹಟ ಮಾಡ್ತಿದೆ, 95ರೊಳಗೆ ಬರ್ತಿಲ್ಲ, ಹೀಗೇ ಇದ್ರೆ ಇನ್ಸುಲಿನ್ ಅಂತೆ. ಆಗಲಿ.

'ಬಸುರಿ ಓಡಾಡಬಾರದು' ಅಂತಿದ್ದ ನಮ್ಮತ್ತೆ ಈಗ ತಾರಸೀಲಿ ನನಗಿಂತ ಮುಂದೆ.