4,29,49,67,297 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ (ಪಾಲಕರು, ಜಮಖಂಡಿ): ಸರ್, ನಮಸ್ಕಾರ. ಹತ್ತನೆಯ ತರಗತಿಯ ನನ್ನ ಮಗಳಿಗೆ ಶಾಲೆಯಲ್ಲಿ 4,29,49,67,297 ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಕಾರಣಸಹಿತ ಬರೆದು ತರಲು ಹೇಳಿದ್ದಾರೆ. 100ರೊಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದ್ದಾಳೆ; ಪ್ರತಿಸಲವೂ ಶೇಷ ಉಳಿಯುತ್ತದೆ. ಅವಿಭಾಜ್ಯವೆಂದು ಬರೆಯಬಹುದೇ?

ಉತ್ತರ (ನಿವೃತ್ತ ಗಣಿತ ಪ್ರಾಧ್ಯಾಪಕರು, ವಿಜಯಪುರ): ನಮಸ್ಕಾರ. ಹಾಗೆ ಬರೆಯಲು ಬರುವುದಿಲ್ಲ. ಭಾಗಿಸುತ್ತಲೇ ನಿರ್ಧರಿಸುವುದಾದರೆ ವರ್ಗಮೂಲದವರೆಗೆ, ಅಂದರೆ ಸುಮಾರು 65,536ರವರೆಗೆ ಹೋಗಬೇಕು. ಅಷ್ಟರೊಳಗೆ 6,542 ಅವಿಭಾಜ್ಯ ಸಂಖ್ಯೆಗಳಿದ್ದು, ನಿಮ್ಮ ಮಗಳು ನೋಡಿರುವುದು ಮೊದಲ 25 ಮಾತ್ರ. ಆದರೆ ಈ ಸಂಖ್ಯೆಗೆ ಅಷ್ಟು ಶ್ರಮ ಬೇಕಿಲ್ಲ, ಏಕೆಂದರೆ ಇದು 2ರ 32ನೆಯ ಘಾತಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆ. ಘಾತಾಂಕ 1, 2, 4, 8, 16 ಆದಾಗ ಬರುವ 3, 5, 17, 257, 65,537 ಎಲ್ಲವೂ ಅವಿಭಾಜ್ಯ. ಇದನ್ನು ಕಂಡ ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಮುಂದಿನವೂ ಹಾಗೆಯೇ ಇರುತ್ತವೆಂದು ನಂಬಿದ್ದರು. 1732ರಲ್ಲಿ ಯೂಲರ್ ಈ ಸಂಖ್ಯೆಯನ್ನು 641 × 67,00,417 ಎಂದು ಬಿಡಿಸಿದಾಗ ಆ ನಂಬಿಕೆ ಬಿದ್ದುಹೋಯಿತು. 65,537ರ ನಂತರ ಈ ಮಾದರಿಯ ಇನ್ನೊಂದು ಅವಿಭಾಜ್ಯ ಇಂದಿಗೂ ಸಿಕ್ಕಿಲ್ಲ.

ಗುಣಾಕಾರ ಮಾಡಿ ತೋರಿಸಿದರೂ ಉತ್ತರ ಸರಿಯೇ. ಆದರೆ ಅಂಕಗಳ ಆಸೆ ಬಿಟ್ಟು ನೋಡಿದರೂ ಮುಂದಿನ ದಾರಿ ಹೆಚ್ಚು ಸೊಗಸಾಗಿದೆ. 641 ಎಂಬುದು 5 × 128 + 1. ಅದೇ 625 + 16 ಕೂಡ ಹೌದು. ಆದ್ದರಿಂದ 640ನ್ನು 641ರಿಂದ ಭಾಗಿಸಿದಾಗ ಶೇಷವನ್ನು −1 ಎನ್ನಬಹುದು, ಹಾಗಾಗಿ 640ರ ನಾಲ್ಕನೆಯ ಘಾತಕ್ಕೆ ಶೇಷ 1. ಆ ನಾಲ್ಕನೆಯ ಘಾತವೆಂದರೆ 625ನ್ನು 2ರ 28ನೆಯ ಘಾತದಿಂದ ಗುಣಿಸಿದ್ದು. ಶೇಷದ ಲೆಕ್ಕದಲ್ಲಿ 625 ಮತ್ತು −16 ಒಂದೇ. 16 ಎಂಬುದು 2ರ ನಾಲ್ಕನೆಯ ಘಾತವಾದ್ದರಿಂದ 2ರ 32ನೆಯ ಘಾತಕ್ಕೆ ಶೇಷ −1 ಬರುತ್ತದೆ. ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ, ಇಂಡಿ): ಗುರುಗಳೇ, 641ನ್ನೇ ಹಿಡಿಯಬೇಕೆಂದು ಹೇಗೆ ತಿಳಿಯಿತು? 67,00,417 ಮತ್ತೆ ಒಡೆಯುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವು 64ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕೆಂದು ಯೂಲರ್ ಸಾಧಿಸಿದರು. ಮುಂದೆ 19ನೆಯ ಶತಮಾನದಲ್ಲಿ ಲೂಕಾ ಆ 64ನ್ನು 128ಕ್ಕೆ ಏರಿಸಿ ಹುಡುಕಾಟವನ್ನು ಅರ್ಧಕ್ಕೆ ಇಳಿಸಿದರು. 129, 257, 385, 513, 641 ಎಂದು ಎಣಿಸುತ್ತ ಹೋದರೆ ಅವಿಭಾಜ್ಯಗಳು ಎರಡೇ. 257ಕ್ಕೆ ಹೋಗುವುದಿಲ್ಲ, 641ಕ್ಕೆ ಹೋಗುತ್ತದೆ.

67,00,417 ಇನ್ನು ಒಡೆಯುವುದಿಲ್ಲ. ಅದರ ವರ್ಗಮೂಲ 2,589ಕ್ಕಿಂತ ಕಡಿಮೆ. ಅದರ ಅಪವರ್ತನಗಳು ಮೂಲ ಸಂಖ್ಯೆಯ ಅಪವರ್ತನಗಳೂ ಆಗಿರುವುದರಿಂದ ಅದೇ ನಿಯಮ ಇಲ್ಲಿಯೂ ಅನ್ವಯಿಸುತ್ತದೆ, ಹಾಗಾಗಿ ಪರೀಕ್ಷಿಸಬೇಕಾದವು 257, 641, 769, 1153, 1409 ಐದೇ. ಶೇಷಗಳು ಕ್ರಮವಾಗಿ 170, 44, 120, 334, 622. ಕ್ಯಾಲ್ಕುಲೇಟರ್ ಬದಿಗಿಟ್ಟು ಒಂದನ್ನಾದರೂ ಕೈಯಿಂದ ಭಾಗಿಸಿ ನೋಡಿರಿ.